ಫರಸಿಯ ಹೊಳಪು

ತಾಂಡೂರು
2-8-1989, ಬುಧವಾರ

ಚಿರಂಜೀವಿ ಸುಮಿತ್ರಾಗೆ ನಿನ್ನ ಸೋದರಮಾವ ಶಂಕ್ರೆಪ್ಪನ ಆಶೀರ್ವಾದ. ಆಶೀರ್ವಾದ ಮಾಡುವ ಯೋಗ್ಯತೆ ನನಗೆ ಎಷ್ಟು ಉಳಿದಿದೆ ಎಂಬುದನ್ನು ಈ ಪತ್ರ ಓದಿ ಮುಗಿಸಿದ ಮೇಲೆ ನೀನೇ ಹೇಳಬೇಕು. ಸದ್ಯಕ್ಕೆ ಇಟ್ಟುಕೊ.

ನಿನ್ನ ಅತ್ತಿ ಚೆನ್ನಾಗಿದ್ದಾಳೆ. ಫರಸಿ ವ್ಯಾಪಾರವೂ ಚೆನ್ನಾಗಿದೆ. ಮದ್ರಾಸಿನವರೊಬ್ಬರು ಬಂದು ನೆಲಕ್ಕೆ ಹಾಸುವ ನಮ್ಮ ನೀಲಿ ಕಲ್ಲು ನೋಡಿ ಇಂಥದ್ದು ಬೇರೆಲ್ಲೂ ಇಲ್ಲ ಎಂದು ಹೋದರು. ನೋಡು, ಎರಡನೆಯ ಸಾಲಿನಲ್ಲೇ ಜಂಬ ಶುರುವಾಯಿತು. ಈ ನಾಲಗೆಯೇ ಹೀಗೆ. ಇವತ್ತು ಬರೆಯುವುದೂ ಇದರ ವಿಷಯವೇ.

ಕನ್ನಡದಲ್ಲಿ ಬರೆಯುತ್ತಿದ್ದೇನೆ. ನೀನು ಕಲಿಸುವ ಶಾಲೆಗೆ ಬಂದ ಪತ್ರಗಳನ್ನು ಟೀಚರುಗಳಿಗಿಂತ ಮೊದಲು ಗುಮಾಸ್ತನೇ ಓದುತ್ತಾನೆ ಎಂದು ನೀನೇ ಹೇಳಿ ನಕ್ಕಿದ್ದೆ. ಓದಿಕೊಳ್ಳಲಿ, ಅವನಿಗೆ ತೆಲುಗು, ಉರ್ದು ಎರಡೇ ಬರುತ್ತವೆ. ನನ್ನ ಕನ್ನಡ ಮಠದ ಅಯ್ಯನವರ ಶಾಲೆಯಲ್ಲಿ ನಾಲ್ಕು ವರ್ಷ ಕಲಿತದ್ದು. ನಾಲ್ಕೂ ವರ್ಷ ನಾನೇ ಮೊದಲ ನಂಬರು ಎಂದು ನಿನಗೆ ನೂರು ಸಲ ಹೇಳಿದ್ದೇನೆ. ಆ ಶಾಲೆಯಲ್ಲಿ ಇದ್ದವರು ಒಂಬತ್ತು ಜನ, ಅವರಲ್ಲಿ ಆರು ಮಂದಿ ಎಮ್ಮೆ ಕಾಯಲು ಹೋಗುತ್ತಿದ್ದರು ಎಂಬುದನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ. ಸಣ್ಣದೊಂದು ನಿಜ ಹೇಳಿದರೆ ದೊಡ್ಡದಕ್ಕೆ ಧೈರ್ಯ ಬಂದೀತು ಎಂದು ಇದನ್ನು ಬರೆದೆ. ಬರಲಿಲ್ಲ. ಆದರೂ ಬರೆಯುತ್ತೇನೆ.

ಭಾನುವಾರ ನಿನ್ನ ತಾಯಿ ಜಹೀರಾಬಾದಿನಿಂದ ಬಂದಿದ್ದಳು. ಊಟಕ್ಕೆ ಕೂತಾಗ ನಿನ್ನ ಸುದ್ದಿ ಬಂತು. ನಿನ್ನ ಹಳೆಯ ಗೆಳತಿ ಬಾಲಮಣಿ ಈಗ ರಾಜ್ಯದ ಹುಡುಗಿಯರ ನೆಟ್‌ಬಾಲ್ ತಂಡ ತಯಾರು ಮಾಡುತ್ತಾಳಂತೆ. ಹೈದರಾಬಾದಿನಲ್ಲಿ ಹದಿನಾಲ್ಕನೆಯ ತಾರೀಖಿನಿಂದ ಶಿಬಿರವಂತೆ. ಗೋಲು ತಡೆಯುವ ಹುಡುಗಿಯರಿಗೆ ಕಲಿಸಲು ನೀನು ಬರಬೇಕು, ನಾಗಲಗಿದ್ದದ ನಿನ್ನ ಶಿಷ್ಯೆ ಲಚ್ಚಮ್ಮನನ್ನು ಜೊತೆಗೆ ಕರೆತರಬೇಕು ಎಂದು ಬರೆದಿದ್ದಾಳಂತೆ. ನೀನು ಉತ್ತರವನ್ನೇ ಬರೆದಿಲ್ಲವಂತೆ. ಅಕ್ಕ ರೊಟ್ಟಿ ಮುರಿಯುತ್ತ ನಿನ್ನ ಮಾತನ್ನು ನಿನ್ನ ದನಿಯಲ್ಲೇ ಹೇಳಿದಳು: "ಅವ್ವಾ, ನಾ ಅಂತೂ ಹೋಗಲ್ಲ. ಲಚ್ಚಮ್ಮನ್ನೂ ಆಕಿ ಕೈಯಾಗ ಕೊಡಲ್ಲ. ನನ್ನ ಕಾಲ ಮುರದಾಕಿ ಆ ಹುಡುಗಿದು ಬಿಡ್ತಾಳೇನ?"

ಹೇಳಿ ನನ್ನ ಕಡೆ ತಿರುಗಿದಳು. "ಬರೋಬರಿ ಹೇಳ್ಯಾಳಲ್ಲೊ ಶಂಕ್ರಾ?"

"ಹೂಂ ಅಕ್ಕ, ಬರೋಬರಿ" ಎಂದೆ ನಾನು.

ಎದ್ದು ಹೋಗಿ ಬಾಯಲ್ಲಿದ್ದ ತುತ್ತನ್ನು ಬಚ್ಚಲಲ್ಲಿ ಉಗುಳಿದೆ ಸುಮಿತ್ರಾ. ಪುಂಡಿಪಲ್ಯದಲ್ಲಿ ಖಾರ ಹೆಚ್ಚಾಗಿದೆ ಎಂದು ನಿನ್ನ ಅತ್ತಿಯನ್ನು ಬೈದೆ. ಐದು ವರ್ಷದಿಂದ ನನ್ನ ಸುಳ್ಳು ನಿನ್ನೊಬ್ಬಳನ್ನೇ ತಿಂದಿತ್ತು. ಈಗ ಆ ಲಚ್ಚಮ್ಮನ ಸರದಿ ಬಂದಿದೆ. ನಾನು ಆಕೆಯನ್ನು ಕಣ್ಣಿನಿಂದ ನೋಡಿಲ್ಲ. ಹದಿನಾಲ್ಕನೆಯ ತಾರೀಖಿಗೆ ಇನ್ನು ಹನ್ನೆರಡು ದಿನ ಇದೆ.

ಮೊದಲಿನಿಂದ ಹೇಳುತ್ತೇನೆ. ಅವಸರ ಮಾಡಿದರೆ ನಡುವೆ ಎಲ್ಲಿಯೋ ಮುಚ್ಚಿಬಿಡುತ್ತೇನೆ.

ನಿನ್ನ ಅಪ್ಪ ತೀರಿದ ಮೇಲೆ ನೀನೂ ಅಕ್ಕನೂ ನಮ್ಮ ಮನೆಗೆ ಬಂದಾಗ ನಿನಗೆ ಒಂಬತ್ತು ವರ್ಷ. ಹದಿಮೂರಕ್ಕೆ ನನ್ನ ತಲೆಗಿಂತ ಮೇಲೆ ಬೆಳೆದೆ. ಇಷ್ಟೆತ್ತರದ ಹುಡುಗಿಗೆ ಗಂಡು ಎಲ್ಲಿ ಹುಡುಕುವುದು ಎಂದು ಅಕ್ಕ ಅಳುತ್ತಿದ್ದರೆ, ಶಾಲೆಯ ಆಟದ ಟೀಚರು ನಿನ್ನನ್ನು ನೋಡಿ ಹಿಗ್ಗಿದಳು. ನೆಟ್‌ಬಾಲ್ ಎಂದರೆ ಹಿಂದೆ ಹಲಗೆ ಇಲ್ಲದ ಬರೀ ಕಬ್ಬಿಣದ ಬಳೆ, ಒಂದು ಕಂಬ, ಒಂದು ಚೆಂಡು. ಚೆಂಡು ಹಿಡಿದವಳು ಓಡುವಂತಿಲ್ಲ, ಪುಟಿಸುವಂತಿಲ್ಲ, ಮೂರು ಎಣಿಸುವುದರೊಳಗೆ ಬೇರೆಯವಳಿಗೆ ಎಸೆಯಬೇಕು. ಹಾರಿ ಹಿಡಿದರೆ ಮೊದಲು ನೆಲ ಮುಟ್ಟಿದ ಕಾಲನ್ನು ಊರಿಕೊಂಡೇ ನಿಲ್ಲಬೇಕು. ಇದೆಂಥ ಆಟವೇ, ಓಡುವಂತಿಲ್ಲ ಎಂದರೆ ಎಂದು ನಾನು ಚೇಷ್ಟೆ ಮಾಡಿದ್ದೆ. ಒಂದು ವರ್ಷದೊಳಗೆ ಆ ಆಟ ನಾನೇ ಕಂಡುಹಿಡಿದೆ ಎನ್ನುವಂತೆ ಬಜಾರಿನಲ್ಲಿ ವಿವರಿಸುತ್ತಿದ್ದೆ.

ನಿನಗೆ ಕೊಟ್ಟ ಜಾಗ ಬಳೆಯ ಮುಂದೆ ನಿಂತು ಎದುರಿನವರ ಗೋಲು ತಡೆಯುವುದು. ಆ ಜಾಗದವರು ಗೋಲು ಹಾಕುವಂತೆಯೇ ಇಲ್ಲ. ನನಗೆ ಗೊತ್ತಿತ್ತು. ಆದರೂ 1982ರಲ್ಲಿ ನೀನು ಭಾರತದ ತಂಡದ ಜೊತೆ ಕೊಲಂಬೊಗೆ ಹೋದಾಗ ಜಹೀರಾಬಾದಿನ ಬಸ್‌ಸ್ಟ್ಯಾಂಡಿನಲ್ಲಿ ಯಾರೋ ಎಷ್ಟು ಗೋಲು ಹೊಡೆದಳು ಎಂದು ಕೇಳಿದರೆ ನಲವತ್ತು ಎಂದುಬಿಟ್ಟೆ. ಕೊಡಂಗಲ್ಲಿಗೆ ಹೋಗುವಷ್ಟರಲ್ಲಿ ಅದು ಅರವತ್ತಾಗಿತ್ತು. ನೀನು ಬಂದು ಕೇಳಿ ಸಿಟ್ಟಾದೆ. "ಮಾವಾ, ನಾ ಹೊಡಿಯಾಕಿ ಅಲ್ರಿ, ತಡಿಯಾಕಿ. ಹದಿನೇಳ ತಡದೀನಿ. ಅದನ್ನ ಹೇಳ್ರಿ ಮಂದಿಗಿ" ಎಂದೆ. ತಡೆದದ್ದನ್ನು ಹೇಳಿದರೆ ಯಾರು ಚಹಾ ಕುಡಿಸುತ್ತಾರೆ ಎಂದು ನಾನು ನಕ್ಕೆ. ಇಂಡಿಯಾ ಎಂದು ಬರೆದ ನಿನ್ನ ನೀಲಿ ಕೋಟನ್ನು ನಾನು ಹಾಕಿಕೊಂಡು ತಾಂಡೂರು ಸ್ಟೇಷನ್ನಿನ ಪ್ಲಾಟ್‌ಫಾರಮಿನಲ್ಲಿ ಆ ತುದಿಯಿಂದ ಈ ತುದಿಗೆ ಎರಡು ಸಲ ತಿರುಗಿದ್ದೂ ನಿಜ. ತೋಳು ನನ್ನ ಬೆರಳ ತುದಿ ದಾಟುತ್ತಿತ್ತು. ಬೆಂಚಿನ ಮೇಲಿದ್ದವರು ನಕ್ಕರೆ ಅಭಿಮಾನದಿಂದ ನಗುತ್ತಾರೆ ಎಂದುಕೊಂಡೆ.

ಇದೆಲ್ಲ ನೀನು ಕ್ಷಮಿಸಿದ ತಪ್ಪುಗಳು. ಇನ್ನು ಮುಂದಿನದು ನಿನಗೆ ಗೊತ್ತಿಲ್ಲದ್ದು.

1984ರ ಫೆಬ್ರವರಿ. ಸಿಂಗಾಪುರಕ್ಕೆ ಹೋಗುವ ತಂಡದಲ್ಲಿ ನಿನ್ನ ಹೆಸರು ಬಂತು. ಬಶೀರಾಬಾದಿನ ಬಾಲಮಣಿಯದು ಹೊರಗಿನ ಹೆಸರು, ಯಾರಾದರೂ ಹೋಗಲಾಗದಿದ್ದರೆ ಅವಳಿಗೆ ಅವಕಾಶ. ಒಂದೇ ಬೆಂಚಿನಲ್ಲಿ ಕೂತು ಓದಿದವರು ನೀವು. ಒಂದೇ ಡಬ್ಬಿಯಲ್ಲಿ ಉಂಡವರು. ನಾನು ನಮ್ಮ ಫರಸಿ ಕಾರ್ಖಾನೆಯಲ್ಲಿ ನಿನಗೆ ಸನ್ಮಾನ ಇಟ್ಟೆ. ಕಾರ್ಡಿನಲ್ಲಿ ನಿನ್ನ ಹೆಸರಿಗಿಂತ ನನ್ನ ಹೆಸರಿನ ಅಕ್ಷರಗಳು ದಪ್ಪವಾಗಿದ್ದವು. ಬಾಲಮಣಿಯ ಹೆಸರು ಹಾಕಿರಿ ಎಂದು ನೀನು ಎರಡು ಸಲ ಹೇಳಿದೆ. ಅಚ್ಚಿನವನು ಮರೆತ ಎಂದೆ. ಅಚ್ಚಿನವನಿಗೆ ನಾನು ಹೇಳಿಯೇ ಇರಲಿಲ್ಲ.

ಅಂಗಳದ ನಡುವೆ ಹೊಸದಾಗಿ ಪಾಲಿಶ್ ಮಾಡಿದ ನೀಲಿ ಫರಸಿ ಹಾಸಿಸಿದೆ. ಒಂದು ತುದಿಗೆ ಕಂಬ ನೆಟ್ಟು ಬಳೆ ಕೂಡಿಸಿದೆ. ಇಂಥ ಆಟದ ಕಟ್ಟೆ ಹೈದರಾಬಾದಿನಲ್ಲೂ ಇಲ್ಲ ಎಂದು ಎಲ್ಲರಿಗೂ ಹೇಳಿದೆ. ಹೈದರಾಬಾದಿನಿಂದ ಫೋಟೋದವನನ್ನು ಕರೆಸಿದೆ. ನೀನು ಗಾಳಿಯಲ್ಲಿ ಹಾರಿ ಚೆಂಡು ಹಿಡಿದಿರಬೇಕು, ಕೆಳಗೆ ನಮ್ಮ ಕಲ್ಲು ಹೊಳೆಯುತ್ತಿರಬೇಕು, ಅದನ್ನು ಕ್ಯಾಲೆಂಡರ್ ಮಾಡಿಸಿ ಊರೂರಿಗೆ ಹಂಚಬೇಕು ಎಂಬುದು ನನ್ನ ಲೆಕ್ಕ.

ಬೆಳಿಗ್ಗೆ ಎದ್ದು ನೋಡಿದರೆ ಕಲ್ಲು ಬೂದಿ ಬಣ್ಣಕ್ಕೆ ತಿರುಗಿತ್ತು. ಒಣಗಿದರೆ ನಮ್ಮ ಕಲ್ಲು ಹಾಗೆಯೇ ಕಾಣುತ್ತದೆ. ಗಿರಾಕಿ ಬರುವ ಮೊದಲು ಕುಸುಬಿ ಎಣ್ಣೆಯಲ್ಲಿ ಅರಿವೆ ಅದ್ದಿ ಒಂದು ಕೈ ಒರೆಸಿದರೆ ಮಳೆ ಬಂದು ಹೋದ ಆಕಾಶದ ಬಣ್ಣ ಬರುತ್ತದೆ. ಇದು ನಮ್ಮ ಅಂಗಡಿಗಳ ಗುಟ್ಟು. ಗಿರಾಕಿ ಕಲ್ಲು ಕೊಂಡು ಮನೆಗೆ ಒಯ್ದು ಹಾಸುವಷ್ಟರಲ್ಲಿ ಎಣ್ಣೆ ಆರಿರುತ್ತದೆ, ಯಾರಿಗೂ ತೊಂದರೆ ಇಲ್ಲ. ನಮ್ಮ ಪಾಲಿಶ್ ಮಾಡುವ ಅಂಜಪ್ಪನಿಗೆ ಡಬ್ಬಿ ತಾ ಎಂದೆ.

ಅವನು ಅಲ್ಲಾಡಲಿಲ್ಲ. "ಸಾಹುಕಾರ್ರೆ, ಇದು ಮಾರೋ ಕಲ್ಲಲ್ಲ, ಹುಡುಗಿ ಹಾರೋ ನೆಲ ಅದ. ಎಣ್ಣಿ ಬ್ಯಾಡ್ರಿ" ಎಂದ.

"ನೀ ನನಗ ಫರಸಿ ಕಲಸ್ತೀ ಏನೊ? ಜರಾ ಒರಸಿದ್ರ ಏನಾಗ್ತದ?" ಎಂದೆ.

"ಹಂಗಾದ್ರ ನೀವೇ ಒರಸ್ರಿ. ನಾ ಕೈ ಹಚ್ಚಲ್ಲ."

ಒರೆಸಿದೆ. ನಾನೇ, ಈ ಕೈಯಿಂದಲೇ, ಧೋತರ ಮೇಲೆ ಕಟ್ಟಿ, ಮೊಣಕಾಲೂರಿ ಒರೆಸಿದೆ. ಜರಾ ಅಲ್ಲ, ಅರ್ಧ ಡಬ್ಬಿ. ಬಿಸಿಲು ಏರಿದಾಗ ನಮ್ಮ ಕಲ್ಲಿನಲ್ಲಿ ಮೋಡ ಕಾಣುತ್ತಿತ್ತು. ನೀನು ಬಂದು ಬೂಟಿನ ತುದಿಯಿಂದ ನೆಲ ಒತ್ತಿ ನೋಡಿದೆ. "ಮಾವಾ, ಜಾರಿದಂಗ ಅನಸ್ತದ್ರಿ. ಸಾಲಿ ಮೈದಾನಕ್ಕ ನಡೀರಿ, ಮಣ್ಣಾಗ ಹಾರತೀನಿ" ಎಂದೆ. ಅಷ್ಟು ಜನರ ಮುಂದೆ ನಾನು ಕೈ ಎತ್ತಿ ಕೂಗಿದೆ: "ಕೇಳ್ರೆಪಾ, ನಮ್ಮ ಫರಸಿ ಜಾರ್ತದಂತ! ಇದರ ಮ್ಯಾಲ ಆನಿ ಕುಣಿಸ್ಲೇನು?" ಎಲ್ಲರೂ ನಕ್ಕರು. ನೀನೂ ನಕ್ಕೆ. ನನ್ನ ಇಜ್ಜತ್ತು ಉಳಿಸಲು ನಕ್ಕೆ ಎಂದು ಈಗ ತಿಳಿಯುತ್ತದೆ.

ಸನ್ಮಾನ ನೋಡಲು ಬಂದಿದ್ದ ಬಾಲಮಣಿ ಎಸೆದಳು, ನೀನು ಹಾರಿ ಹಿಡಿದೆ. ಒಂದು ಸಲ. ಎರಡು ಸಲ. ಎರಡನೆಯದರಲ್ಲಿ ನಿನ್ನ ಕಾಲು ಗೇಣಿನಷ್ಟು ಸರಿದದ್ದನ್ನು ನಾನು ಕಂಡೆ. ಫೋಟೋದವನು ಸಾಕು ಎಂದ. ಸಾಕಾಗಲಿಲ್ಲ ಎಂದದ್ದು ನಾನು. "ಬಾಲಮಣಿ, ಇನ್ನೂ ಮ್ಯಾಲ ಒಗಿಯವ್ವ! ಆಕಿ ತಲಿ ಮ್ಯಾಲಿಂದ ಒಗಿ!" ಎಂದು ಕೂಗಿದ್ದು ನಾನು. ಬಾಜಾದವರು ಊದುತ್ತಿದ್ದರು, ನಿನಗೆ ಕೇಳಿಸಿರಲಿಕ್ಕಿಲ್ಲ. ಆಕೆ ನಾನು ಹೇಳಿದಂತೆ ಎಸೆದಳು. ನೀನು ಹಿಡಿದೆ. ಇಳಿದ ಕಾಲು ನಿಲ್ಲಲಿಲ್ಲ. ಪಾದ ಮುಂದೆ ಹೋಯಿತು, ಮಂಡಿ ಒಳಗೆ ತಿರುಗಿತು. ಆ ಚಟ್ ಎಂಬ ಸಪ್ಪಳ ಬಾಜಾದ ನಡುವೆಯೂ ನನಗೆ ಕೇಳಿತು.

ನಿನ್ನನ್ನು ಜೀಪಿನಲ್ಲಿ ಹಾಕಿ ಕಳಿಸಿದ ಮೇಲೆ ಜನ ನನ್ನನ್ನು ಸುತ್ತಿದರು. ಹೆಂಗಾತ್ರಿ, ಹೆಂಗಾತ್ರಿ. ಯಾರೂ ನೆಲ ನೋಡುತ್ತಿರಲಿಲ್ಲ, ನನ್ನ ಬಾಯಿ ನೋಡುತ್ತಿದ್ದರು. ಆ ಬಾಯಿ ಹೇಳಿತು: "ಏನ ಹೇಳ್ಲಿ? ಆ ಪೋರಿ ಹಂಗ ವಾಕಡಾ-ಸೊಟ್ಟ ಒಗದ್ರ ಏನಾಗ್ತದ?" ಮತ್ತೆ ಅದೇ ಬಾಯಿ ತಾನಾಗಿಯೇ ಇನ್ನೊಂದು ಮಾತು ಕೂಡಿಸಿತು: "ಈಕಿ ಹೋಗಲಿಲ್ಲಂದ್ರ ಆಕಿದೇ ನಂಬರಲ್ಲೇನು?" ನಾನು ಯೋಚಿಸಿ ಹೇಳಿದ್ದಲ್ಲ. ಆದರೆ ಹೇಳಿದ ಮೇಲೆ ಎಷ್ಟು ಹಗುರವಾಯಿತು ಗೊತ್ತೇ? ಸಂಜೆಯೊಳಗೆ ನನಗೇ ಅದು ನಿಜ ಅನಿಸತೊಡಗಿತು. ಅಂಜಪ್ಪ ಮರುದಿನ ಕೆಲಸ ಬಿಟ್ಟ. ಈಗ ಎದುರಿಗೆ ಬಂದರೆ ರಸ್ತೆ ದಾಟಿ ಆಚೆ ಹೋಗುತ್ತಾನೆ.

ಆಸ್ಪತ್ರೆಯಲ್ಲಿ ಮೂರನೆಯ ದಿನ ನೀನು ನನ್ನನ್ನು ಕೇಳಿದೆ. "ಮಾವಾ, ನೀವು ನೋಡೀರಿ. ನಾ ಇಳದದ್ದೇ ತಪ್ಪಾತೇನ್ರಿ?" ಅಲ್ಲಿ ಹೇಳಬೇಕಾಗಿತ್ತು. ಅದೇ ಹೊತ್ತು. ನಾನು ನಿನ್ನ ತಲೆ ಸವರಿ, ತಪ್ಪು ನಿನ್ನದಲ್ಲ, ಆಕೆ ಬೇಕೆಂದೇ ಎಸೆದಳು, ಕಣ್ಣಾರೆ ಕಂಡೆ ಎಂದೆ. ನಿನ್ನ ಮುಖ ಕಲ್ಲಾಯಿತು. ಸ್ವಲ್ಪ ಹೊತ್ತಿಗೆ ಬಾಲಮಣಿ ಸಂತ್ರಿ ಹಣ್ಣಿನ ಚೀಲ ಹಿಡಿದು ಬಾಗಿಲಲ್ಲಿ ನಿಂತಳು. ನೀನು ಗೋಡೆಯ ಕಡೆ ತಿರುಗಿಕೊಂಡೆ. ಆಕೆ ಎರಡು ಸಲ ಹೆಸರು ಹಿಡಿದು ಕರೆದು, ಚೀಲವನ್ನು ಹೊರಗಿನ ಬೆಂಚಿನ ಮೇಲಿಟ್ಟು ಹೋದಳು. ಸಂಜೆ ನಾನು ಸುಲಿದು ನಿನ್ನ ಬಾಯಿಗೆ ಇಟ್ಟ ಸಂತ್ರಿ ಅವೇ. ಬಜಾರಿನಿಂದ ನಾನು ತಂದದ್ದು ಎಂದಿದ್ದೆ. ಸಿಹಿ ಅದಾವ್ರಿ ಮಾವಾ ಎಂದು ನೀನು ಅಂದೆ.

ನಡೆಯಬಹುದು, ಹಾರುವಂತಿಲ್ಲ ಎಂದು ಡಾಕ್ಟರು ಹೇಳಿದ ದಿನ ನೀನು ಅಳಲಿಲ್ಲ. ನಿನ್ನ ತಾಯಿ ಅತ್ತಳು, ನಿನ್ನ ಅತ್ತಿ ಅತ್ತಳು. ಎಲ್ಲರಿಗಿಂತ ಜೋರಾಗಿ ನಾನು ಅತ್ತೆ. ನನ್ನ ಅಳು ನೋಡಿ ವಾರ್ಡಿನವರೆಲ್ಲ ಇಂಥ ಸೋದರಮಾವ ಎಲ್ಲಿ ಸಿಗುತ್ತಾನೆ ಎಂದರು. ಅದನ್ನೂ ಊರಿಗೆ ಬಂದು ಹೇಳಿಕೊಂಡೆ.

ಸಿಂಗಾಪುರಕ್ಕೆ ಬಾಲಮಣಿ ಹೋದಳು. ಆಮೇಲೆ ಮತ್ತೂ ಎರಡು ದೇಶಕ್ಕೆ ಹೋದಳು. ಒಂದೊಂದು ಸಲ ಪೇಪರಿನಲ್ಲಿ ಆಕೆಯ ಹೆಸರು ಬಂದಾಗಲೂ ಚಹಾದಂಗಡಿಯಲ್ಲಿ ನಾನು ಆ ಎಸೆತದ ಕಥೆ ಹೇಳಿದೆ. ಹೇಳಿದಂತೆಲ್ಲ ಚೆಂಡು ಇನ್ನಷ್ಟು ಸೊಟ್ಟಗಾಯಿತು. ಆಕೆಯ ತಂದೆ ಬಶೀರಾಬಾದಿನಿಂದ ತಾಂಡೂರು ಸಂತೆಗೆ ಬರುವುದನ್ನು ಬಿಟ್ಟರು ಎಂದು ಕೇಳಿದೆ. ಬಿಡಲಿ ಎಂದೆ.

ಆ ಮೂರನೆಯ ಜಿಗಿತದ ಫೋಟೋ ನಮ್ಮ ಅಂಗಡಿಯಲ್ಲಿ ಹಣದ ಗಲ್ಲೆಯ ಮೇಲೆ ತೂಗುತ್ತಿತ್ತು, ನಿನಗೆ ಗೊತ್ತು. ಬಂದ ಗಿರಾಕಿಗಳೆಲ್ಲ ನಿನ್ನ ಜಿಗಿತ ನೋಡಿ ಬೆರಗಾಗುತ್ತಿದ್ದರು. ನಾನು ಐದು ವರ್ಷದಿಂದ ನಿನ್ನ ಕಾಲ ಕೆಳಗಿನ ಹೊಳಪನ್ನು ನೋಡುತ್ತಿದ್ದೇನೆ. ಅದರಲ್ಲಿ ನಿನ್ನ ನೆರಳು ತಲೆಕೆಳಗಾಗಿ ಎಷ್ಟು ಸ್ಪಷ್ಟವಾಗಿ ಕಾಣುತ್ತದೆ ಎಂದರೆ, ಫರಸಿ ಬಲ್ಲವನು ಯಾರೇ ಆದರೂ ಒಂದು ಕಣ್ಣು ಹಾಯಿಸಿದರೆ ಎಣ್ಣೆ ಎಂದು ಹೇಳಿಯಾನು. ತೆಗೆದುಹಾಕಿದರೆ ಯಾಕೆ ತೆಗೆದೆ ಎಂದು ಕೇಳುತ್ತಾರಲ್ಲ, ಅದಕ್ಕೇ ಇಟ್ಟಿದ್ದೆ. ಇವತ್ತು ಮುಂಜಾನೆ ಇಳಿಸಿದೆ. ಯಾಕೆ ಎಂದು ನಿನ್ನ ಅತ್ತಿ ಕೇಳಿದಳು. ಅವಳಿಗೆ ಎಲ್ಲ ಹೇಳಿದೆ. ಅವಳು ಭಾನುವಾರ ಬೈಸಿಕೊಂಡ ಪಲ್ಯದ ಸಿಟ್ಟನ್ನೂ ಸೇರಿಸಿ ನನಗೆ ಏನೆಂದಳು ಎಂಬುದನ್ನು ಬರೆಯುವುದಿಲ್ಲ, ಅಯ್ಯನವರ ಶಾಲೆಯಲ್ಲಿ ಆ ಅಕ್ಷರ ಕಲಿಸಿರಲಿಲ್ಲ. ಅವಳೇ ಕಾಗದ ತಂದು ಮುಂದಿಟ್ಟಳು.

ಮಗಳೇ, ಬಾಲಮಣಿಗೆ ಈ ಎಣ್ಣೆಯ ಸಂಗತಿ ಗೊತ್ತೋ ಇಲ್ಲವೋ ನನಗೆ ತಿಳಿಯದು. ಆಕೆಯ ಎಸೆತದಲ್ಲಿ ಮಾತ್ರ ಏನೂ ತಪ್ಪಿರಲಿಲ್ಲ. ನಿನ್ನ ಇಳಿತದಲ್ಲೂ ತಪ್ಪಿರಲಿಲ್ಲ. ನೀನು ಹದಿನಾಲ್ಕಕ್ಕೆ ಶಿಬಿರಕ್ಕೆ ಹೋಗು. ಲಚ್ಚಮ್ಮನನ್ನು ಕರೆದುಕೊಂಡು ಹೋಗು. ನನ್ನನ್ನು ಕ್ಷಮಿಸು ಎಂದು ಕೇಳಲು ಇದನ್ನು ಬರೆದಿಲ್ಲ. ಕ್ಷಮಿಸಿದರೆ ನಾನು ಅದನ್ನೂ ಬಜಾರಿನಲ್ಲಿ ಹೇಳಿಕೊಂಡೇನು ಎಂಬ ಭಯ ನನಗೇ ಇದೆ. ನಿನ್ನ ತಾಯಿಗೆ ನೀನು ಏನೂ ಬರೆಯಬೇಡ. ಭಾನುವಾರ ಜಹೀರಾಬಾದಿಗೆ ಹೋಗಿ ನಾನೇ ಅಕ್ಕನ ಮುಂದೆ ನಿಲ್ಲುತ್ತೇನೆ. ಪಂಚಮಿಗೆ ಬಾ ಎಂದು ಈ ಸಲ ನಿನ್ನನ್ನು ಕರೆಯುವ ಬಾಯಿ ನನಗಿಲ್ಲ. ಬಂದರೆ ಬಾಗಿಲು ಇದೆ, ನಿನ್ನ ಅತ್ತಿ ಇದ್ದಾಳೆ. ನಾನು ಕಾರ್ಖಾನೆಯಲ್ಲಿ ಇರುತ್ತೇನೆ.

ತಲೆ ತಗ್ಗಿಸಿಕೊಂಡು,
ನಿನ್ನ ಮಾವ
ಶಂಕ್ರೆಪ್ಪ

ತಾ.ಕ.: ಲಕೋಟೆ ಅಂಟಿಸಿಬಿಟ್ಟಿದ್ದೆ, ಮತ್ತೆ ಒಡೆದೆ. ಬಾಲಮಣಿಗೆ ಗೊತ್ತೋ ಇಲ್ಲವೋ ತಿಳಿಯದು ಎಂದು ಮೇಲೆ ಬರೆದದ್ದು ಸುಳ್ಳು. ನೀನು ಬಿದ್ದಾಗ ನಿನ್ನನ್ನು ಎತ್ತಿದವಳು ಆಕೆ. ಆಕೆಯ ಅಂಗೈ ತುಂಬ ಎಣ್ಣೆ ಹತ್ತಿತ್ತು. ನೀನು ಗೋಡೆಗೆ ಮುಖ ತಿರುಗಿಸಿದ ಮರುದಿನ ಕಾರ್ಖಾನೆಗೆ ಬಂದು, ಅಷ್ಟೊಂದು ಎಣ್ಣೆ ಇನ್ನೂ ಆರದಿದ್ದ ಫರಸಿಯ ಮೇಲೆ ಬೆರಳಾಡಿಸಿ ನನ್ನ ಮೂಗಿನ ಮುಂದೆ ಹಿಡಿದಳು. ನಾನು ಕೈ ಮುಗಿದೆ. ಸುಮಿತ್ರಾಗೆ ಇದು ತಿಳಿದರೆ ತಾಯಿಯನ್ನು ಕರೆದುಕೊಂಡು ನನ್ನ ಮನೆ ಬಿಡುತ್ತಾಳೆ, ಮುರಿದ ಕಾಲಿನಲ್ಲಿ ಎಲ್ಲಿಗೆ ಹೋಗುತ್ತಾಳೆ ಎಂದೆ. ಆ ಹುಡುಗಿ ಎಣ್ಣೆಯ ಬೆರಳು ಒರೆಸಿಕೊಂಡು, "ಆತ್ರಿ. ಆಕಿ ನಡಿಯಾಂಗ ಆಗೂತನಕ ನಾ ಬಾಯಿ ಬಿಡಲ್ಲ. ನಡಿಯಾಕ ಸುರು ಮಾಡಿದ ದಿನ ನೀವೇ ಹೇಳಬೇಕ್ರಿ" ಎಂದಳು. ಹೂಂ ಎಂದು ಬಸವಣ್ಣನ ಆಣೆ ಮಾಡಿದೆ. ನೀನು ಎಂಟು ತಿಂಗಳಿಗೆ ನಡೆದೆ.

ಮೊನ್ನೆ ಶನಿವಾರ ಆಕೆಯ ಕಾರ್ಡು ಬಂತು. ಐದು ವರ್ಷದಲ್ಲಿ ಅದೊಂದೇ. ತೆಲುಗಿನಲ್ಲಿ ಒಂದೇ ಸಾಲು: ಸುಮಿತ್ರಾ ಇನ್ನೂ ನಡೆಯಲು ಶುರುಮಾಡಿಲ್ಲವೇ?

ಅದಕ್ಕೆ ನಾನು ಉತ್ತರ ಬರೆದಿಲ್ಲ. ಮೊದಲು ಇದನ್ನು ಟಪಾಲು ಡಬ್ಬಿಗೆ ಹಾಕಿ ಬರುತ್ತೇನೆ.